ನಾನು ಸಾವಿರಾರು ಸಲ ಬರೆದ ಆ ಒಂದು ವಾಕ್ಯ

‘ಸದರಿ ಸ್ವತ್ತಿನ ಬಗ್ಗೆ ಮುಂದೆ ಯಾರಿಂದಲಾದರೂ ತಂಟೆ ತಕರಾರು ಬಂದಲ್ಲಿ ನಮ್ಮ ಸ್ವಂತ ಖರ್ಚಿನಿಂದ ಪರಿಹರಿಸಿಕೊಡಲು ಬದ್ಧರಾಗಿರುತ್ತೇವೆ.’ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಮಳಿಗೆಯಲ್ಲಿ ಕೂತು 28 ವರ್ಷ ಪತ್ರ ಬರೆದವನು ನಾನು. ಈ ವಾಕ್ಯವಿಲ್ಲದ ಕ್ರಯಪತ್ರ ನನ್ನ ಕೈಯಿಂದ ಹೋಗಿಲ್ಲ. ಮಾರಿದವರು ಬದುಕಿದ್ದು, ಅವರ ಜೇಬಿನಲ್ಲಿ ದುಡ್ಡೂ ಇದ್ದರೆ ಮಾತ್ರ ಆ ವಾಕ್ಯಕ್ಕೆ ಬೆಲೆ.

2009ರಲ್ಲಿ ಒಬ್ಬ ಬಸ್ ಕಂಡಕ್ಟರ್ ಮೂವತ್ತು ನಲವತ್ತರ ಸೈಟು ಕೊಳ್ಳಲು ಬಂದರು. ಮಾರುವವರು ಮೂವರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿಕೊಂಡಿದ್ದರು. ‘ಅಕ್ಕತಂಗಿಯರು ಇದ್ದಾರಾ?’ ಎಂದೆ. ‘ಒಬ್ಬಳಿದಾಳೆ ಸಾರ್. ಮದುವೆ ಮಾಡಿ ಕೊಟ್ಟಾಗಿದೆ’ ಎಂದರು. ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ 2005ರಲ್ಲೇ ಬಂದಿತ್ತು. ‘ಅವರದೊಂದು ಸಹಿ ಇದ್ದರೆ ಒಳ್ಳೆಯದು’ ಎಂದು ಸುಮ್ಮನಾದೆ. ಖಾತೆ, ಕಂದಾಯದ ರಸೀದಿ, ಮೂವತ್ತು ವರ್ಷದ ಋಣಭಾರ ಪತ್ರ (ಇಸಿ) ಎಲ್ಲವೂ ಸರಿಯಾಗಿದ್ದವು. ಬರೆದುಕೊಟ್ಟೆ.

ಏಳು ವರ್ಷದ ಮೇಲೆ ಕಂಡಕ್ಟರ್ ಪ್ಲಾಸ್ಟಿಕ್ ಕವರಿನಲ್ಲಿ ಕೋರ್ಟ್ ನೋಟಿಸು ಹಿಡಿದು ಬಂದರು. ತಂಗಿ ಭಾಗದ ದಾವೆ ಹೂಡಿದ್ದಳು. ‘ಇಸಿಯಲ್ಲಿ ಏನೂ ಇರಲಿಲ್ಲವಲ್ಲ ಸಾರ್?’

ಇರುವುದೂ ಇಲ್ಲ. ಇಸಿಯಲ್ಲಿ ಬರುವುದು ರಿಜಿಸ್ಟರ್ ಆದದ್ದು ಮಾತ್ರ. ಹೆಣ್ಣುಮಕ್ಕಳ ಪಾಲು, ರಿಜಿಸ್ಟರ್ ಆಗದ ವಿಲ್ಲು ಅಲ್ಲಿ ಕಾಣುವುದಿಲ್ಲ. ಖಾತೆ ಇರುವುದು ಕಂದಾಯ ವಸೂಲಿಗೆ. ನಮ್ಮ ಸರ್ಕಾರ ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಇನ್ನು ‘ಬದ್ಧರಾಗಿರುತ್ತೇವೆ’ ಎಂದವರೋ? ದೊಡ್ಡವನು ತೀರಿಕೊಂಡಿದ್ದ, ನಡುವಿನವನು ಸಾಲದಲ್ಲಿ ಮುಳುಗಿದ್ದ, ಚಿಕ್ಕವನು ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಕಂಡಕ್ಟರ್ ಪಿಎಫ್ ದುಡ್ಡು ತೆಗೆದು ಆ ಹೆಣ್ಣುಮಗಳಿಗೆ ಕೊಟ್ಟು ರಾಜಿಯಾದರು. ಅವಳ ಪಾಲನ್ನು ಎರಡು ಸಲ ಕೊಂಡಂತಾಯಿತು.

ಅಮೆರಿಕದಲ್ಲಿ ಮನೆ ಕೊಂಡ ನನ್ನ ಅಕ್ಕನ ಮಗ ಟೈಟಲ್ ಇನ್ಶೂರೆನ್ಸ್, ಅಂದರೆ ಆಸ್ತಿಯ ಹಕ್ಕಿಗೆ ಮಾಡಿಸುವ ವಿಮೆಯ ವಿಷಯ ಹೇಳಿದ್ದು ಅದೇ ಸುಮಾರಿಗೆ. ಬೇರೆ ವಿಮೆ ಮುಂದಾಗಬಹುದಾದದ್ದಕ್ಕೆ. ಇದು ಹಿಂದೆ ಆಗಿಹೋಗಿ ನಮಗೆ ಕಾಣದೆ ಉಳಿದದ್ದಕ್ಕೆ. ಪ್ರೀಮಿಯಂ ಒಂದೇ ಸಲ. ಹಕ್ಕಿನ ತಕರಾರು ಬಂದರೆ ವಕೀಲರ ಖರ್ಚೂ ನಷ್ಟವೂ ಪಾಲಿಸಿಯ ಮೊತ್ತದ ಮಿತಿಯೊಳಗೆ ಕಂಪನಿಯದು. ಅಲ್ಲಿ ಬ್ಯಾಂಕಿನ ಪಾಲಿಸಿ ಬೇರೆ, ಮಾಲೀಕನ ಪಾಲಿಸಿ ಬೇರೆ; ಬ್ಯಾಂಕಿನದು ಕಾಯುವುದು ಬ್ಯಾಂಕಿನ ಸಾಲವನ್ನು ಮಾತ್ರ.

ನಮ್ಮಲ್ಲೂ ಇದರ ಬೀಜ ಬಿದ್ದಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ 16ನೇ ಕಲಂ ಪ್ರಕಾರ ಬಿಲ್ಡರ್ ತನ್ನ ಖರ್ಚಿನಲ್ಲೇ ಜಮೀನಿನ ಹಕ್ಕಿಗೆ ವಿಮೆ ಮಾಡಿಸಬೇಕು. ಆದರೆ ‘ಸರ್ಕಾರ ಅಧಿಸೂಚಿಸಿದಂತೆ’ ಎಂಬ ಷರತ್ತು ಜೊತೆಗಿದೆ. ಆ ಅಧಿಸೂಚನೆಯನ್ನು ಸರ್ಕಾರದಿಂದ ನಾವು ಕೇಳಿ ಪಡೆಯಬೇಕು. ಬಿಲ್ಡರ್‌ನಿಂದಲ್ಲದೆ ಮಾಲೀಕರಿಂದ ನೇರವಾಗಿ ಸೈಟು ಕೊಳ್ಳುವ ಕಂಡಕ್ಟರನಂಥವರು ಈ ಕಲಮಿನೊಳಗೆ ಬರುವುದೇ ಇಲ್ಲ. ಅವರ ಕೈಗೆಟುಕುವ ಪಾಲಿಸಿಯನ್ನು ವಿಮಾ ಕಂಪನಿಗಳು ತರಬೇಕು. ಮನೆ ಸಾಲ ಕೊಡುವ ಬ್ಯಾಂಕು ಅದನ್ನು ಗಿರಾಕಿಗೆ ತಿಳಿಸಬೇಕು.

ವಿಮೆ ಇದ್ದ ಮಾತ್ರಕ್ಕೆ ವಕೀಲರಿಗೆ ಮೂಲಪತ್ರ ತೋರಿಸುವುದು ತಪ್ಪುವುದಿಲ್ಲ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಪರಿಹಾರ ಸಿಗದು. ಸಿಕ್ಕರೂ ಅದು ದುಡ್ಡಷ್ಟೇ, ಕಳೆದುಕೊಂಡ ಮನೆಯಲ್ಲ.

ಆದರೂ ವಿಮೆ ಬೇಕು ಅನ್ನುತ್ತೇನೆ. ಅಂದು ನನ್ನ ಮೇಜಿನ ಪಕ್ಕ ವಿಮಾ ಕಂಪನಿಯವನೊಬ್ಬ ಕೂತಿದ್ದರೆ ‘ಮದುವೆ ಮಾಡಿ ಕೊಟ್ಟಾಗಿದೆ’ ಎಂಬ ಉತ್ತರಕ್ಕೆ ಸುಮ್ಮನಾಗುತ್ತಿರಲಿಲ್ಲ. ತಂಗಿಯನ್ನು ಕರೆಸಿ ಸಹಿ ಹಾಕಿಸುತ್ತಿದ್ದ, ಇಲ್ಲವೇ ಪಾಲಿಸಿ ಕೊಡುವುದಿಲ್ಲ ಎನ್ನುತ್ತಿದ್ದ. ತಪ್ಪಾದರೆ ಹೋಗುವುದು ಅವನ ದುಡ್ಡು. ನನ್ನದೇನೂ ಹೋಗುವಂತಿರಲಿಲ್ಲ, ಒಂದೇ ಸಲ ಕೇಳಿ ಸುಮ್ಮನಾದೆ.