ಡಬ್ಬಿಯ ಮೇಲಿನ ಚಿತ್ರ ಮಗುವಿನ ಆರೋಗ್ಯಕ್ಕೆ ಹೊಣೆಯಲ್ಲ



ಕಳೆದ ವರ್ಷ ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದು ಎರಡು ತಿಂಗಳಾಗಿತ್ತು. ಅಂಕಲಿಯ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬಳು ಎಂಟು ವರ್ಷದ ಮಗನನ್ನು ಕರೆತಂದಳು. ಹೊಟ್ಟೆನೋವು, ಮಲಬದ್ಧತೆ, ಪದೇ ಪದೇ ಕಣ್ಣು ಮಿಟುಕಿಸುವುದು ಅವನ ತೊಂದರೆಗಳು. ನಾನು ಹರೀತಕೀ ಚೂರ್ಣ ಕೊಟ್ಟು, ರಾತ್ರಿ ಬಿಸಿಹಾಲಿಗೆ ತುಪ್ಪ ಬೆರೆಸಿ ಕುಡಿಸಲು ಹೇಳಿ ಕಳುಹಿಸಿದೆ. ಹದಿನೈದು ದಿನಗಳಲ್ಲಿ ಮತ್ತೆ ಬಂದರು, ಔಷಧವನ್ನು ಬದಲಿಸಿದೆ. ಮೂರನೆಯ ಸಲ ಬಂದಾಗ ಹುಡುಗನು ಹೊರಗಿನ ಬೆಂಚಿನ ಮೇಲೆ ಕಾಲಿಗೆ ಕಾಲು ಒತ್ತಿಕೊಂಡು, ಅಂಗೈಯಗಲದ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಕುಳಿತಿದ್ದುದು ನನ್ನ ಕಣ್ಣಿಗೆ ಬಿತ್ತು. ಅವನಿಗೆ ಮೂತ್ರದ ಅವಸರವಾಗಿತ್ತು. ಎದ್ದರೆ ಆಟ ಸೋಲುತ್ತದೆಂದು ತಡೆದುಕೊಂಡಿದ್ದನು. ಮೂವತ್ತೈದು ವರ್ಷಗಳಿಗೂ ಮೀರಿದ ಅನುಭವದ ವೈದ್ಯನಾದ ನಾನು, ಆ ಮಗು ದಿನವಿಡೀ ಏನು ಮಾಡುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಆ ತಪ್ಪು ನನ್ನದೇ.

“ಜಾತ್ರ್ಯಾಗ ಕೊಡಿಸೇವ್ರೀ ಡಾಕ್ಟರ್. ಅದನ್ನ ಕೈಯಾಗ ಕೊಟ್ರಷ್ಟ ಉಣ್ತಾನ್ರೀ. ಡಬ್ಬಿ ಮ್ಯಾಲ ಛೋಟಾ ಭೀಮನ ಚಿತ್ರ ಐತಿ, ಸಣ್ಣ ಹುಡುಗರ ಆಟಾನ ಐತ್ರೀ” ಎಂದಳು ಆ ತಾಯಿ.

ನಾನು ಆ ಯಂತ್ರವನ್ನು ಕೈಗೆ ತೆಗೆದುಕೊಂಡು ಅರ್ಧ ಗಂಟೆ ನೋಡಿದೆ. ನಾನೂರು ಆಟಗಳಿವೆಯೆಂದು ಬರೆದಿತ್ತು. ಮೊದಲಿಗೆ ಕಾರು, ಹಣ್ಣು, ಇಟ್ಟಿಗೆ ಜೋಡಿಸುವ ಆಟಗಳು; ಮುಂದೆ ಹೋದಂತೆ ಎದುರು ಬಂದವರನ್ನೆಲ್ಲ ಗುಂಡಿಟ್ಟು ಕೊಲ್ಲುವ ಆಟಗಳು. ಛೋಟಾ ಭೀಮನು ಒಳಗೆ ಎಲ್ಲಿಯೂ ಇರಲಿಲ್ಲ. ತಯಾರಕರ ಹೆಸರಾಗಲಿ, ಯಾವ ವಯಸ್ಸಿನವರಿಗೆಂಬ ಗುರುತಾಗಲಿ ಡಬ್ಬಿಯ ಮೇಲೆ ಇರಲಿಲ್ಲ.

ಈ ಸಂಗತಿಯನ್ನು ಪಾಲಕರು ಅರಿಯಬೇಕು. ಜಪಾನಿನ ನಿಂಟೆಂಡೊ ಸಂಸ್ಥೆಯು 1989ರಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಹೊರತಂದ ಮೇಲೆ, ಮಕ್ಕಳಿಗೆ ಪ್ರಿಯವಾದ ಡೋರೇಮಾನ್, ಡಕ್‌ಟೇಲ್ಸ್ ಮುಂತಾದ ಕಾರ್ಟೂನುಗಳ ಆಟಗಳು ಅದಕ್ಕೆ ಬಂದವು. ಕಥೆಯ ಒಡೆಯರಿಗೆ ಹಣ ಕೊಟ್ಟು, ಅವರ ಪಾತ್ರವನ್ನು ಬಳಸಲು ಪಡೆಯುವ ಅನುಮತಿಗೆ ಲೈಸೆನ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ 1994ರಿಂದಲೂ, ಯುರೋಪಿನಲ್ಲಿ 2003ರಿಂದಲೂ ಇಂಥ ಆಟಗಳ ಡಬ್ಬಿಯ ಮೇಲೆ ವಯಸ್ಸಿನ ಗುರುತನ್ನು ಮುದ್ರಿಸುವ ಪದ್ಧತಿಯಿದೆ. ಯುರೋಪಿನಲ್ಲಿ 3, 7, 12, 16, 18 ಎಂಬ ಅಂಕೆಗಳು ಕಾಣುತ್ತವೆ. ಜಾತ್ರೆಯ ಡಬ್ಬಿಯ ಮೇಲೆ ಅನುಮತಿಯೂ ಇಲ್ಲ, ಅಂಕೆಯೂ ಇಲ್ಲ, ಚಿತ್ರವೊಂದೇ ಇದೆ.

ಹಾಗಾದರೆ ಅನುಮತಿ ಪಡೆದ, ಬೆಲೆಬಾಳುವ ಆಟವನ್ನು ತಂದರೆ ಚಿಂತೆಯಿಲ್ಲವೇ? ಅದೂ ಪೂರ್ಣ ನಿಜವಲ್ಲ. ಲೈಸೆನ್ಸ್ ಎಂಬುದು ಚಿತ್ರದ ಹಕ್ಕಿಗೆ ಸಂಬಂಧಿಸಿದ್ದು. ವಯಸ್ಸಿನ ಗುರುತು ಒಳಗಿನ ವಿಷಯಕ್ಕೆ ಸಂಬಂಧಿಸಿದ್ದು. ಎಷ್ಟು ಹೊತ್ತು ಆಡಬೇಕೆಂದು ಇವೆರಡೂ ಹೇಳುವುದಿಲ್ಲ. ಗೇಮ್ ಬಾಯ್ ಆಟದಿಂದಲೇ ಹುಟ್ಟಿದ ಪೋಕೆಮಾನ್ ಕಾರ್ಟೂನು 1997ರ ಡಿಸೆಂಬರ್ 16ರಂದು ಜಪಾನಿನ ಟಿ.ವಿ.ಯಲ್ಲಿ ಪ್ರಸಾರವಾದಾಗ, ಕೆಂಪು-ನೀಲಿ ಬೆಳಕಿನ ವೇಗದ ಮಿನುಗಾಟದಿಂದ ಸೆಳವು, ತಲೆಸುತ್ತು ಮುಂತಾದ ತೊಂದರೆಗೊಳಗಾಗಿ 600ಕ್ಕೂ ಹೆಚ್ಚು ಜನರು, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಅದು ನಕಲಿ ಸರಕಾಗಿರಲಿಲ್ಲ. ಪ್ರತಿ ಗಂಟೆಗೆ 10ರಿಂದ 15 ನಿಮಿಷ ವಿರಾಮ ಕೊಡಿರೆಂದು ನಿಂಟೆಂಡೊ ಸಂಸ್ಥೆಯೇ ತನ್ನ ಕೈಪಿಡಿಗಳಲ್ಲಿ ಬರೆದಿದೆ. ಆ ಪುಟವನ್ನು ನಮ್ಮಲ್ಲಿ ಓದುವವರಾರು?

ರೋಗಗಳ ಮೂರು ಮೂಲಕಾರಣಗಳಲ್ಲಿ ಒಂದನ್ನು ಚರಕಾಚಾರ್ಯರು ಅಸಾತ್ಮ್ಯೇಂದ್ರಿಯಾರ್ಥಸಂಯೋಗ ಎಂದು ಕರೆದಿದ್ದಾರೆ. ಇಂದ್ರಿಯಗಳಿಗೆ ಅವುಗಳ ವಿಷಯಗಳೊಡನೆ ಒಗ್ಗದ ಸಂಬಂಧ ಏರ್ಪಡುವುದೆಂದು ಅದರ ಅರ್ಥ. ಹೊಳೆಯುವುದನ್ನು ಮಿತಿಮೀರಿ ನೋಡುವುದು ಕಣ್ಣಿನ ಅತಿಯೋಗ. ತೀರ ಹತ್ತಿರದಿಂದ ನೋಡುವುದು, ಭಯಂಕರವಾದುದನ್ನು ನೋಡುವುದು ಮಿಥ್ಯಾಯೋಗ. ಆ ಹುಡುಗನಲ್ಲಿ ಇವೆಲ್ಲವೂ ಕೂಡಿದ್ದವು. ಇದರ ಜೊತೆಗೆ, ತಡೆಯಬಾರದ 13 ವೇಗಗಳಲ್ಲಿ ಮಲ, ಮೂತ್ರ, ಹಸಿವು, ನಿದ್ರೆಗಳನ್ನು ಅವನು ಆಟಕ್ಕಾಗಿ ತಡೆಯುತ್ತಿದ್ದನು. ಹರೀತಕಿ ಅಲ್ಲಿ ಏನು ಮಾಡೀತು?

ಆದಕಾರಣ ಎಲ್ಲ ಆಟಗಳನ್ನೂ ಕಸಿದುಕೊಳ್ಳಿರೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಂದೆಯು ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ಕುಳಿತು ಮಗನ ಆಟವನ್ನು ಕಸಿದುಕೊಂಡರೆ, ಮಗ ಕಲಿಯುವುದು ಕದ್ದು ಆಡುವುದನ್ನೇ. ಕೈಯಂತ್ರದಲ್ಲಿ ಕಥೆಯುಳ್ಳ ಒಳ್ಳೆಯ ಮಕ್ಕಳ ಆಟಕ್ಕೆ ಒಂದು ಹಂತ, ಒಂದು ಕೊನೆ ಇರುತ್ತದೆ. ಅಲ್ಲಿಗೆ ನಿಲ್ಲಿಸಿ, ನಾಳೆ ಮುಂದುವರಿಸಬಹುದು. ಮೊಬೈಲಿನ ಬಹುಪಾಲು ಪುಕ್ಕಟೆ ಆಟಗಳಿಗೆ ಕೊನೆಯಿಲ್ಲ. ನಡುನಡುವೆ ಜಾಹೀರಾತು, ಮುಂದೆ ಹಣದ ಬೇಡಿಕೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಆದರೆ ಔಷಧಕ್ಕೆ ಇರುವಂತೆ ಅದಕ್ಕೂ ಮಾತ್ರಾ, ಕಾಲ, ಅನುಪಾನಗಳು ಬೇಕು.

ಮಾತ್ರಾ: ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ಟಿ.ವಿ., ಮೊಬೈಲ್ ಎಲ್ಲ ಸೇರಿ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶಾಲೆಗೆ ಹೋಗುವ ಮಗುವಿಗೆ ಇಂಥ ಆಟ ಅರ್ಧ ಗಂಟೆ ಸಾಕೆಂಬುದು ನನ್ನ ಅಭಿಪ್ರಾಯ.

ಕಾಲ: ಊಟದ ತಟ್ಟೆಯ ಮುಂದೆ ಬೇಡ, ದೇವರ ದೀಪ ಹಚ್ಚಿದ ಮೇಲೆ ಬೇಡ, ಹಾಸಿಗೆಯಲ್ಲಿ ಸರ್ವಥಾ ಬೇಡ. ಬಿಸಿಲು ಇಳಿದ ಹೊತ್ತಿನಲ್ಲಿ ಲಗೋರಿ, ಹುತೂತು, ಚಿಣ್ಣಿಕೋಲು ಮೊದಲಾಗಲಿ. ಹೊರಗಿನ ಬೆಳಕು ಸಮೀಪದೃಷ್ಟಿ ದೋಷವನ್ನು ತಡೆಯಲು ನೆರವಾಗುತ್ತದೆಂದು ತೈವಾನ್ ದೇಶವು 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿನಲ್ಲಿರಿಸಲು ಯತ್ನಿಸುತ್ತಿದೆ. ನಮ್ಮ ಊರುಗಳಲ್ಲಿ ಬಯಲಿಗೆ ಬರವಿಲ್ಲ.

ಅನುಪಾನ: ಔಷಧವನ್ನು ಜೇನಿನೊಡನೆ ಕೊಡುವಂತೆ ಆಟವನ್ನು ಹಿರಿಯರ ಸಂಗಡ ಕೊಡಿರಿ. ಮೊದಲ ದಿನ ಅಜ್ಜನೋ ತಾಯಿಯೋ ಪಕ್ಕದಲ್ಲಿ ಕುಳಿತು ಒಳಗೇನಿದೆಯೆಂದು ನೋಡಲಿ. ಹೊಲದ ಕೆಲಸ, ಕಬ್ಬಿನ ಕಟಾವುಗಳ ನಡುವೆ ಇದು ಕಷ್ಟವೆಂದು ಬಲ್ಲೆ. ಆದರೂ ಅರ್ಧ ಗಂಟೆಯ ಈ ನೋಟವನ್ನು ಯಾವ ಡಬ್ಬಿಯ ಚಿತ್ರವೂ ನಮ್ಮ ಪರವಾಗಿ ಮಾಡಲಾರದು.

ಆಟದ ಮೇಲೆ ಹಿಡಿತ ತಪ್ಪಿ, ಶಾಲೆ, ಊಟ, ಗೆಳೆಯರನ್ನೆಲ್ಲ ಬಿಟ್ಟು, ಹಾನಿಯಾದರೂ ಮಗು ಮುಂದುವರಿಸುತ್ತಿದ್ದರೆ ಅದನ್ನು ಹಟವೆಂದು ಹೊಡೆಯಬೇಡಿರಿ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇದಕ್ಕೆಂದು ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿದೆ.

ಆ ಹುಡುಗನಿಗೆ ನಾನು ಹೊಸ ಔಷಧ ಕೊಡಲಿಲ್ಲ. ಊಟದ ಹೊತ್ತಿಗೆ ಯಂತ್ರವನ್ನು ಕಪಾಟಿನಲ್ಲಿಡಲು ಹೇಳಿದೆ. ನಾಲ್ಕು ದಿನ ಅತ್ತನು, ಐದನೆಯ ದಿನ ಉಂಡನು. ತಿಂಗಳೊಳಗೆ ಹೊಟ್ಟೆನೋವು ನಿಂತಿತು; ಕಣ್ಣಿಗೆ ಮಾತ್ರ ಕನ್ನಡಕ ಬಂದಿತು. ಎರಡು ತಿಂಗಳು ಮೊದಲೇ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ನೀವು ಇಂದೇ ನಿಮ್ಮ ಮನೆಯಲ್ಲಿ ಕೇಳಿರಿ: ಮಗುವಿನ ಕೈಯಲ್ಲಿ ಏನಿದೆ, ಅದರೊಳಗೆ ಏನಿದೆ?