ಹೊಲಿಗೆ ಬೀಳದ ಹೆರಿಗೆ

ಹೆರಿಗೆ ವಾರ್ಡಿಗೆ ಬಾಣಂತಿಯನ್ನು ನೋಡಲು ಬರುವ ಹೆಂಗಸರ ಪ್ರಶ್ನೆಗಳಿಗೆ ಒಂದು ಕ್ರಮವುಂಟು. ಮೊದಲು ಮಗು ಗಂಡೋ ಹೆಣ್ಣೋ, ಆಮೇಲೆ ತೂಕ ಎಷ್ಟು, ಮೂಗು ಯಾರದು ಎಂಬ ವಿಚಾರಣೆ. ಗಂಡಸರು ಹೊರಗೆ ಹೋದ ಮೇಲೆ ದನಿ ತಗ್ಗಿಸಿ ಕೇಳುವುದು ಇನ್ನೊಂದು: ‘ಎಷ್ಟು ಹೊಲಿಗೆ ಬಿತ್ತೇ?’ ‘ಒಂದೂ ಇಲ್ಲ ಚಿಕ್ಕಮ್ಮ’ ಎಂಬ ಉತ್ತರ ಬಂದರೆ ‘ಪುಣ್ಯವಂತೆ ಬಿಡು’ ಎಂಬ ಉದ್ಗಾರ ಖಂಡಿತ.

ಹೊಲಿಗೆ ಬೀಳದಿರುವುದು ನಿಜಕ್ಕೂ ಪುಣ್ಯದ ಮಾತೇ? ಪಕ್ಕದ ಹಾಸಿಗೆಯಲ್ಲಿ ಕೂರಲೂ ಆಗದೆ ಒದ್ದಾಡುತ್ತಿರುವವಳು ಮಾಡಿದ ತಪ್ಪಾದರೂ ಏನು? ಶಾಲೆಯ ಪಠ್ಯದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಗರ್ಭಕೋಶದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿದರೆ ಅಂಕವೂ ಸಿಗುತ್ತದೆ. ಆದರೆ ಮಗು ಹೊರಬರುವ ಕೊನೆಯ ಕೆಲವು ನಿಮಿಷಗಳಲ್ಲಿ ತಾಯಿಯ ಮೈಗೆ ಏನಾಗುತ್ತದೆ ಎಂಬುದು ಪಾಠದಲ್ಲಿಲ್ಲ, ಮನೆಯ ಮಾತಿನಲ್ಲಂತೂ ಇಲ್ಲವೇ ಇಲ್ಲ. ಇಂದಿನ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ನಾಳೆ ತಾಯಂದಿರಾಗುವವರು. ವಿದ್ಯಾರ್ಥಿಗಳು ಹೆರಿಗೆ ಕೋಣೆಯ ಹೊರಗೆ ಕಾಯುವವರು, ಕೆಲವರು ಒಳಗೆ ನಿಂತು ಹೆರಿಗೆ ಮಾಡಿಸುವ ವೈದ್ಯರು. ಇದನ್ನು ತಿಳಿಯುವುದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ.

ಹರಿಯುವುದು ಏನು?

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಕೆಲವೇ ಸೆಂಟಿಮೀಟರ್ ಉದ್ದದ ಮೃದುವಾದ ಜಾಗವಿದೆ. ವೈದ್ಯರು ಅದನ್ನು ‘ಪೆರಿನಿಯಂ’ ಎನ್ನುತ್ತಾರೆ. ಮೇಲೆ ಚರ್ಮ, ಅದರಡಿ ಸ್ನಾಯು. ಹಿಂಬದಿಯಲ್ಲಿ ಮಲವನ್ನು ಹಿಡಿದಿಡುವ ಬಳೆಯಾಕಾರದ ಸ್ನಾಯು. ಮಗುವಿನ ತಲೆ ಹೊರಬರುವಾಗ ಈ ಜಾಗವೆಲ್ಲ ತೆಳ್ಳಗೆ ಹಿಗ್ಗುತ್ತದೆ. ಹಿಗ್ಗುವ ಶಕ್ತಿ ಸಾಲದಾದಾಗ ಹರಿಯುತ್ತದೆ.

ಹರಿತದಲ್ಲಿ ನಾಲ್ಕು ದರ್ಜೆಗಳಿವೆ. ಚರ್ಮ ಮಾತ್ರ ಹರಿದರೆ ಒಂದನೆಯದು. ಅದರಡಿಯ ಸ್ನಾಯುವೂ ಹರಿದರೆ ಎರಡನೆಯದು. ಗುದದ ಬಳೆಸ್ನಾಯುವಿಗೆ ಪೆಟ್ಟಾದರೆ ಮೂರನೆಯದು. ಅದನ್ನೂ ದಾಟಿ ಮಲಾಶಯದ ಒಳಪೊರೆಯವರೆಗೆ ಸೀಳಿದರೆ ನಾಲ್ಕನೆಯದು. ಮೊದಲ ದರ್ಜೆಯ ಸಣ್ಣ ಗಾಯ ಹಲವು ಸಲ ಹೊಲಿಗೆಯನ್ನೂ ಬೇಡದು. ಎರಡನೆಯದು ಹೊಲಿಗೆ ಹಾಕಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುತ್ತದೆ. ಭಯವಿರುವುದು ಮೂರು ಮತ್ತು ನಾಲ್ಕರ ಬಗ್ಗೆ. ಅವನ್ನು ಗುರುತಿಸದೆ ಬಿಟ್ಟರೆ ಹೂಸು ಮತ್ತು ಮಲದ ಮೇಲಿನ ಹಿಡಿತ ತಪ್ಪುವ ಅಪಾಯವಿದೆ. ಹೀಗಾದ ಹೆಂಗಸು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾಳೆ, ಬಸ್ಸು ಹತ್ತಲು ಅಂಜುತ್ತಾಳೆ, ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಳ್ಳುತ್ತಾಳೆ.

ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ 2015ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಅಲ್ಲಿ ಚೊಚ್ಚಲ ಹೆರಿಗೆಯಾದ ನೂರು ಮಂದಿಯಲ್ಲಿ ಸುಮಾರು 6 ಮಂದಿಗೆ ಇಂಥ ಆಳವಾದ ಹರಿತ ಆಗುತ್ತದೆ. ಮುಂದಿನ ಹೆರಿಗೆಗಳಲ್ಲಿ ಇದು ನೂರಕ್ಕೆ 2ಕ್ಕಿಂತ ಕಡಿಮೆ. ಒಮ್ಮೆ ಹಿಗ್ಗಿದ ದಾರಿ ಮತ್ತೊಮ್ಮೆ ಸುಲಭವಾಗಿ ಹಿಗ್ಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಎರಡು ಸೆಂಟಿಮೀಟರಿನ ಲೆಕ್ಕ

ಹರಿಯುವುದೋ ಬಿಡುವುದೋ ಎಂಬುದನ್ನು ಮೊದಲು ತೀರ್ಮಾನಿಸುವುದು ಅಳತೆ. ಮಗು ಗದ್ದವನ್ನು ಎದೆಗೆ ಒತ್ತಿಕೊಂಡು ನೆತ್ತಿ ಮುಂದಾಗಿ ಬಂದರೆ ದಾರಿಗೆ ಎದುರಾಗುವ ತಲೆಯ ವ್ಯಾಸ ಸುಮಾರು 9.5 ಸೆಂ.ಮೀ. ಕತ್ತು ಬಾಗಿಸದೆ ನೆಟ್ಟಗೆ ಬಂದರೆ ಅದೇ ತಲೆಯ ವ್ಯಾಸ ಸುಮಾರು 11.5 ಸೆಂ.ಮೀ. ವ್ಯತ್ಯಾಸ ಎರಡೇ ಸೆಂಟಿಮೀಟರ್ ಎನ್ನಬೇಡಿ. ಗಣಿತದ ಮೇಷ್ಟರು ಹೇಳಿಕೊಟ್ಟಂತೆ ಅದನ್ನು 3.14ರಿಂದ ಗುಣಿಸಿ. ತಲೆ ದುಂಡಗಿದೆ ಎಂದುಕೊಂಡರೆ ಸುತ್ತಳತೆಯಲ್ಲಿ 6 ಸೆಂ.ಮೀ.ಗೂ ಹೆಚ್ಚು ಅಂತರ! ಮಗುವಿನ ಮುಖ ತಾಯಿಯ ಬೆನ್ನಿನ ಕಡೆಗಿರುವ ಬದಲು ಹೊಟ್ಟೆಯ ಕಡೆಗಿದ್ದರೆ, ಮಗುವಿನ ತೂಕ 4 ಕಿಲೋ ಮೀರಿದರೆ, ಇಕ್ಕಳದಂಥ ಫೋರ್ಸೆಪ್ಸ್ ಹಾಕಿ ಎಳೆಯಬೇಕಾಗಿ ಬಂದರೆ ಹರಿಯುವ ಸಂಭವ ಹೆಚ್ಚು. ಇವು ಯಾವುವೂ ತಾಯಿಯ ಕೈಯಲ್ಲಿಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟಿದ್ದರೂ ಬಹುಪಾಲು ತಾಯಂದಿರ ಬಳೆಸ್ನಾಯು ಉಳಿದುಕೊಳ್ಳುವುದೇ ಒಂದು ಸೋಜಿಗ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಕಂಪ್ಯೂಟರಿನಲ್ಲಿ ಹೆರಿಗೆಯ ಮಾದರಿಯೊಂದನ್ನು ರಚಿಸಿ ಲೆಕ್ಕ ಹಾಕಿದರು. ಶ್ರೋಣಿಯ ತಳದ ಒಂದು ಸ್ನಾಯು ಆಗ ತನ್ನ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ಕಂಡುಬಂತು. ಪ್ರಯೋಗಗಳಲ್ಲಿ ಪ್ರಾಣಿಗಳ ಸಾಮಾನ್ಯ ಸ್ನಾಯುಗಳು ಪೆಟ್ಟಾಗದೆ ತಾಳಿಕೊಂಡದ್ದು ಒಂದೂವರೆ ಪಟ್ಟು ಮಾತ್ರ. ಬಸಿರಿನ ತಿಂಗಳುಗಳಲ್ಲಿ ಹಾರ್ಮೋನುಗಳ ಪ್ರಭಾವದಿಂದ ಈ ಭಾಗಗಳು ಮೆತ್ತಗಾಗುತ್ತಾ ಬರುತ್ತವೆ. ಬಸುರಿ ಇಲಿಗಳಲ್ಲಂತೂ ಆ ಸ್ನಾಯುವಿನ ಎಳೆಗಳೇ ಉದ್ದವಾಗುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಹೆರಿಗೆಗೆ ಮುಂಚೆಯೇ ದೇಹ ಸಿದ್ಧತೆ ನಡೆಸಿರುತ್ತದೆ.

ಕಣಕ ಕಲಿಸುವ ಪಾಠ

ಅಳತೆಯ ನಂತರ ಎರಡನೆಯ ಸಂಗತಿ ವೇಗ. ಇದನ್ನು ತಿಳಿಯಲು ಹಬ್ಬದ ದಿನ ಅಡುಗೆಮನೆಗೆ ಹೋದರೆ ಸಾಕು. ಹೋಳಿಗೆಗೆ ಕಲಸಿದ ಕಣಕವನ್ನು ಎಣ್ಣೆ ಹಾಕಿ ನಾದಿ, ಎರಡು ಗಂಟೆ ನೆನೆಯಲು ಬಿಡುತ್ತಾರೆ. ನೆಂದ ಕಣಕವನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಹಾಳೆಯಷ್ಟು ತೆಳ್ಳಗಾದರೂ ಹರಿಯದು. ಅದೇ ಉಂಡೆಯನ್ನು ಥಟ್ಟನೆ ಜಗ್ಗಿ ನೋಡಿ, ಎರಡು ತುಂಡಾಗಿ ಕೈಗೆ ಬರುತ್ತದೆ. ಕಣಕ ಅದೇ, ಎಳೆದ ದೂರವೂ ಅದೇ; ಬದಲಾದದ್ದು ವೇಗ ಒಂದೇ.

ಕಣಕದಲ್ಲಿರುವುದು ಗ್ಲುಟೆನ್ ಎಂಬ ಪ್ರೋಟೀನು, ನಮ್ಮ ಮೈಯಲ್ಲಿರುವುದು ಕೊಲ್ಯಾಜನ್ ಮತ್ತು ಇಲಾಸ್ಟಿನ್ ಎಂಬ ಪ್ರೋಟೀನುಗಳ ಎಳೆಗಳು. ಎರಡೂ ಬೇರೆಯಾದರೂ ಒಂದು ಗುಣದಲ್ಲಿ ಸಮಾನ. ಇವು ರಬ್ಬರಿನಂತೆ ಎಳೆದುಕೊಳ್ಳುತ್ತವೆ, ಜೊತೆಗೆ ಗಟ್ಟಿ ಪಾಕದಂತೆ ನಿಧಾನವಾಗಿ ಜರುಗುತ್ತವೆ ಕೂಡ. ಸಮಯ ಕೊಟ್ಟರೆ ಎಳೆಗಳು ಸರಿದು ಸಾಲಾಗಿ ನಿಂತು ಬಿಗಿಯನ್ನು ಹಂಚಿಕೊಳ್ಳುತ್ತವೆ. ಸಮಯ ಕೊಡದಿದ್ದರೆ ಬಿಗಿಯೆಲ್ಲ ಒಂದೇ ಕಡೆ ಬಿದ್ದು ಎಳೆ ಕಡಿಯುತ್ತದೆ. ನೋವು ಬಂದಾಗ ತಲೆ ಮುಂದೆ ಬರುವುದು, ನೋವು ನಿಂತಾಗ ಸ್ವಲ್ಪ ಹಿಂದೆ ಸರಿಯುವುದು, ಮತ್ತೆ ಮುಂದೆ ಬರುವುದು ಹೆರಿಗೆಯ ರೀತಿ. ಹೊರಗೆ ನಿಂತವರಿಗೆ ಇದು ತಡವೆನಿಸುತ್ತದೆ. ಒಳಗೆ ಅದೇ ಹೊತ್ತಿನಲ್ಲಿ ದಾರಿ ಹದವಾಗುತ್ತಿರುತ್ತದೆ.

ಕತ್ತರಿಯ ಕಥೆ

ಹರಿಯುವುದನ್ನು ತಪ್ಪಿಸಲು ವೈದ್ಯರು ಹಿಂದೆಯೇ ಒಂದು ಉಪಾಯ ಹುಡುಕಿದ್ದರು. ತಾನಾಗಿ ಅಡ್ಡಾದಿಡ್ಡಿ ಹರಿಯುವ ಬದಲು ಮೊದಲೇ ಕತ್ತರಿಯಿಂದ ನೇರವಾಗಿ ಕೊಯ್ದು ಹೊಲಿದರೆ ಹೇಗೆ? 1742ರಲ್ಲಿ ಡಬ್ಲಿನ್ನಿನ ಫೀಲ್ಡಿಂಗ್ ಔಲ್ಡ್ ಎಂಬಾತ ತೀರ ಕಷ್ಟದ ಹೆರಿಗೆಗೆಂದು ಇಂಥ ಕೊಯ್ತವನ್ನು ವಿವರಿಸಿದ್ದ. 1920ರಲ್ಲಿ ಷಿಕಾಗೋದ ಹೆಸರಾಂತ ಪ್ರಸೂತಿ ತಜ್ಞ ಜೋಸೆಫ್ ಡಿಲೀ ಚೊಚ್ಚಲ ಹೆರಿಗೆಗಳಲ್ಲಿ ಇದನ್ನು ಮುನ್ನೆಚ್ಚರಿಕೆಯಾಗಿ ಬಳಸಬೇಕೆಂದು ವಾದಿಸಿದ. ‘ಎಪಿಸಿಯಾಟಮಿ’ ಎಂಬ ಈ ಕೊಯ್ತ ಕ್ರಮೇಣ ಆಸ್ಪತ್ರೆಗಳ ವಾಡಿಕೆಯಾಯಿತು. 1979ರಲ್ಲಿ ಅಮೆರಿಕದಲ್ಲಿ ಸಹಜ ಮಾರ್ಗದ ನೂರು ಹೆರಿಗೆಗಳಲ್ಲಿ ಸುಮಾರು 60ರಲ್ಲಿ ಕೊಯ್ತ ನಡೆಯುತ್ತಿತ್ತು.

ಕೊಯ್ತದಿಂದ ಲಾಭವಿದೆಯೇ ಎಂದು ಅಷ್ಟರವರೆಗೆ ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. 1983ರಲ್ಲಿ ಥ್ಯಾಕರ್ ಮತ್ತು ಬಾಂಟಾ ಎಂಬ ಇಬ್ಬರು ನೂರಿಪ್ಪತ್ತು ವರ್ಷಗಳ ವೈದ್ಯಕೀಯ ಬರಹಗಳನ್ನು ಜಾಲಾಡಿ, ಗಟ್ಟಿ ಪುರಾವೆ ಇಲ್ಲವೆಂದರು. ಆಮೇಲೆ ಅರ್ಜೆಂಟೀನಾದ 8 ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ 2,606 ತಾಯಂದಿರನ್ನು ಲಾಟರಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಲಾಯಿತು. ಒಂದರಲ್ಲಿ ವಾಡಿಕೆಯಂತೆ ಕೊಯ್ತ. ಇನ್ನೊಂದರಲ್ಲಿ ಅಗತ್ಯ ಕಂಡಾಗ ಮಾತ್ರ. 1993ರಲ್ಲಿ ಫಲಿತಾಂಶ ಪ್ರಕಟವಾಯಿತು. ವಾಡಿಕೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 83 ಮಂದಿಗೆ ಕೊಯ್ತವಾಗಿತ್ತು, ಇನ್ನೊಂದರಲ್ಲಿ 30 ಮಂದಿಗೆ. ಆಳವಾದ ಹರಿತ ಮೊದಲನೆಯದರಲ್ಲಿ ನೂರಕ್ಕೆ 1.5, ಎರಡನೆಯದರಲ್ಲಿ 1.2. ಎಂದರೆ ಅಷ್ಟೊಂದು ಹೆಚ್ಚುವರಿ ಕೊಯ್ತಗಳಿಂದ ಆಳವಾದ ಹರಿತ ಕಡಿಮೆಯಾಗಿರಲಿಲ್ಲ. ಅಗತ್ಯಕ್ಕೆ ಮಾತ್ರ ಕೊಯ್ದವರಲ್ಲಿ ಮುಂಭಾಗದ ಸಣ್ಣ ಗಾಯಗಳು ಸ್ವಲ್ಪ ಹೆಚ್ಚು ಕಂಡವು. ಆದರೆ ನೋವು, ಹೊಲಿಗೆ ಬಿಚ್ಚಿಕೊಳ್ಳುವ ತೊಂದರೆ ಕಡಿಮೆಯಿದ್ದವು.

ಹೀಗೇಕೆ? ಬಟ್ಟೆ ಅಂಗಡಿಯಲ್ಲಿ ನೋಡಿರಬಹುದು. ಥಾನಿನ ಬಟ್ಟೆಯನ್ನು ಬರಿಗೈಯಲ್ಲಿ ಹರಿಯುವುದು ಕಷ್ಟ. ಅಂಗಡಿಯವರು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಎಳೆಯುತ್ತಾರೆ. ಪರ್ರನೆ ಕೊನೆಯವರೆಗೆ ಹರಿಯುತ್ತದೆ. ಕಚ್ಚಿನ ತುದಿಯಲ್ಲಿ ಎಳೆತದ ಬಲವೆಲ್ಲ ಕೂಡುವುದೇ ಕಾರಣ. ಗುದದ ಕಡೆಗೆ ನೇರವಾಗಿ ಹಾಕಿದ ಕೊಯ್ತ ಹೀಗೆಯೇ ಮುಂದುವರಿದು ಬಳೆಸ್ನಾಯುವನ್ನು ತಲುಪುವ ಭಯವಿದೆ. ಆದ್ದರಿಂದ ಅಗತ್ಯ ಬಿದ್ದಾಗ ಓರೆಯಾಗಿ ಕೊಯ್ಯಬೇಕೆಂದು ತಜ್ಞರು ಹೇಳುತ್ತಾರೆ. ಮಗುವಿನ ಎದೆಬಡಿತ ಕುಸಿದು ಬೇಗ ಹೊರತೆಗೆಯಬೇಕಾದಾಗ, ಫೋರ್ಸೆಪ್ಸ್ ಬಳಸುವಾಗ ಕೊಯ್ತ ಉಪಕಾರಿಯೇ. ತಕರಾರಿರುವುದು ಎಲ್ಲರಿಗೂ ಕತ್ತರಿ ಹಾಕುವ ವಾಡಿಕೆಯ ಬಗ್ಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಸಲಹೆಯಲ್ಲಿ ಈ ವಾಡಿಕೆಯನ್ನು ಸ್ಪಷ್ಟವಾಗಿ ಬೇಡವೆಂದಿದೆ.

ಬಿಸಿಬಟ್ಟೆ ಮತ್ತು ನುರಿತ ಕೈ

ಹಾಗಾದರೆ ಉಪಕಾರಿಯಾಗುವುದು ಯಾವುದು? ಉತ್ತರ ಸರಳವಾಗಿದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಚೊಚ್ಚಲ ಹೆರಿಗೆಯ 717 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಮಗುವಿನ ತಲೆ ಕಾಣಿಸಿಕೊಳ್ಳುವ ಹೊತ್ತಿಗೆ ಹಿತವಾದ ಬಿಸಿನೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ಆ ಭಾಗಕ್ಕೆ ಒತ್ತಿ ಹಿಡಿದಾಗ ಆಳವಾದ ಹರಿತ ನೂರಕ್ಕೆ 4.2ರಷ್ಟು, ಹಾಗೆ ಮಾಡದಿದ್ದಾಗ 8.7. ಒಂದು ಬಿಸಿಬಟ್ಟೆಯಿಂದ ಅಪಾಯ ಅರ್ಧಕ್ಕಿಳಿದಿತ್ತು!

ಇನ್ನೊಂದು ಉದಾಹರಣೆ ನಾರ್ವೆಯದು. ಅಲ್ಲಿ ಆಳವಾದ ಹರಿತಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದನ್ನು ಕಂಡು ಕೆಲವು ಆಸ್ಪತ್ರೆಗಳು ಪಕ್ಕದ ಫಿನ್‌ಲೆಂಡಿನ ಸೂಲಗಿತ್ತಿಯರ ಕ್ರಮವನ್ನು ಕಲಿಸಲು ಮುಂದಾದವು. ಒಂದು ಕೈಯಿಂದ ಮಗುವಿನ ತಲೆಯ ವೇಗವನ್ನು ತಡೆಯುವುದು, ಇನ್ನೊಂದರಿಂದ ಪೆರಿನಿಯಂಗೆ ಆಸರೆ ಕೊಡುವುದು. ತಲೆ ಹೊರಬರುವ ಗಳಿಗೆಯಲ್ಲಿ ತಾಯಿಗೆ ಮುಕ್ಕಬೇಡವೆಂದು ಹೇಳಿ ಸಣ್ಣ ಉಸಿರು ಬಿಡಿಸುವುದು. 2010ರಲ್ಲಿ ಪ್ರಕಟವಾದ ವರದಿಯಂತೆ ನೂರಕ್ಕೆ 4-5ರಷ್ಟಿದ್ದ ಆಳವಾದ ಹರಿತ 1-2ಕ್ಕೆ ಇಳಿಯಿತು. ಲಾಟರಿ ಪದ್ಧತಿಯ ಪರೀಕ್ಷೆಗಳಲ್ಲಿ ಕೈ ಆಸರೆಯೊಂದರಿಂದಲೇ ಇಷ್ಟು ಸ್ಪಷ್ಟ ಲಾಭ ಕಂಡಿಲ್ಲ ಎಂಬುದನ್ನೂ ಹೇಳಬೇಕು. ತರಬೇತಿ, ತಾಳ್ಮೆ, ಎಚ್ಚರ ಎಲ್ಲವೂ ಸೇರಿ ಕೆಲಸ ಮಾಡಿರಬೇಕು.

ಇದನ್ನು ಓದಿ ಹಿಂದಿನಂತೆ ಮನೆಯಲ್ಲೇ ಹೆರಿಗೆಯಾಗಲಿ ಎಂದುಕೊಳ್ಳುವುದು ತಪ್ಪು. ರಕ್ತಸ್ರಾವ, ನಂಜುಗಳಿಂದ ತಾಯಂದಿರು ಸಾಯುತ್ತಿದ್ದ ಕಾಲವದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಇದು ದೊಡ್ಡ ಸಾಧನೆ. ಆದರೆ ಹೆರಿಗೆಯೆಲ್ಲ ಆಸ್ಪತ್ರೆಗೆ ಬಂದ ಮೇಲೆ ಆಸ್ಪತ್ರೆಯ ಒಂದೊಂದು ವಾಡಿಕೆಯೂ ಲಕ್ಷಾಂತರ ತಾಯಂದಿರ ಮೈಮೇಲೆ ನಡೆಯುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ದಾದಿಯರಿಗೆ ಸೂಲಗಿತ್ತಿ ವಿದ್ಯೆಯಲ್ಲಿ ವಿಶೇಷ ತರಬೇತಿ ನೀಡುವ ಮಾರ್ಗಸೂಚಿ ಹೊರಡಿಸಿತು. ಬೇಕಾಗಿರುವುದು ಆಸ್ಪತ್ರೆಯ ರಕ್ಷಣೆ ಮತ್ತು ನುರಿತ ಕೈಯ ತಾಳ್ಮೆ, ಎರಡೂ.

ಮನೆಯವರು ತಿಳಿದಿರಬೇಕಾದದ್ದು

ಚೊಚ್ಚಲ ಬಸುರಿಗೆ 34-35ನೆಯ ವಾರದಿಂದ ಆ ಭಾಗಕ್ಕೆ ವಾರಕ್ಕೆ ಒಂದೆರಡು ಸಲ ಎಣ್ಣೆ ಹಚ್ಚಿ ಬೆರಳಿನಿಂದ ಮೆಲ್ಲಗೆ ಹಿಗ್ಗಿಸುವುದರಿಂದ ಸ್ವಲ್ಪ ಪ್ರಯೋಜನವಿದೆ. ಹೀಗೆ ಮಾಡಿದ 15 ಮಂದಿಯಲ್ಲಿ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ ಎಂಬುದು ಲೆಕ್ಕ. ಲಾಭ ಸಣ್ಣದು, ಖರ್ಚಿಲ್ಲ. ವೈದ್ಯರನ್ನು ಕೇಳಿಯೇ ಮಾಡಬೇಕು. ತಪಾಸಣೆಗೆ ಹೋದಾಗಲೇ ‘ಕೊಯ್ತ ಎಲ್ಲರಿಗೂ ಮಾಡುತ್ತೀರಾ, ಅಗತ್ಯವಿದ್ದರೆ ಮಾತ್ರವೇ? ಬಿಸಿಬಟ್ಟೆ ಇಡುತ್ತೀರಾ? ಮಗ್ಗುಲಾಗಿ ಮಲಗಿ ಹೆರಬಹುದೇ?’ ಎಂದು ಕೇಳುವುದು ಮರ್ಯಾದೆಗೆಟ್ಟ ಮಾತಲ್ಲ. ಬೇಗ ಆಗಲಿ ಎಂದು ಹೊಟ್ಟೆಯ ಮೇಲೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ. ‘ಇನ್ನೂ ಎಷ್ಟು ಹೊತ್ತು?’ ಎಂದು ಬಾಗಿಲು ತಟ್ಟುವ ಮನೆಯವರೂ ಇದನ್ನು ನೆನಪಿಡಬೇಕು.

ಎಲ್ಲ ಎಚ್ಚರ ವಹಿಸಿದರೂ ಕೆಲವರಿಗೆ ಹರಿಯುತ್ತದೆ. ಅದು ಅವಳ ಪಾಪವಲ್ಲ. ‘ಸರಿಯಾಗಿ ಮುಕ್ಕಲಿಲ್ಲ’ ಎಂಬ ಆರೋಪಕ್ಕೆ ಅರ್ಥವಿಲ್ಲ. ಬಳೆಸ್ನಾಯು ಹರಿದದ್ದನ್ನು ಆಗಲೇ ಗುರುತಿಸಿ, ಬಲ್ಲವರು ಹೊಲಿದರೆ ನೂರಕ್ಕೆ 60ರಿಂದ 80 ಮಂದಿ ವರ್ಷದೊಳಗೆ ಯಾವ ತೊಂದರೆಯೂ ಇಲ್ಲದಂತಾಗುತ್ತಾರೆ. ಉಳಿದವರಿಗೂ ಸ್ನಾಯುಗಳ ವ್ಯಾಯಾಮ, ಶಸ್ತ್ರಚಿಕಿತ್ಸೆ ಉಂಟು. ಹೇಳಿಕೊಂಡರೆ ತಾನೆ ಚಿಕಿತ್ಸೆ?

ಆದ್ದರಿಂದ ಬಾಣಂತಿಯನ್ನು ನೋಡಲು ಹೋದ ಹಿರಿಯರು ಹೊಲಿಗೆಯ ಲೆಕ್ಕ ಕೇಳಿದರೆ ಕೇಳಲಿ. ಆದರೆ ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಅವಳ ಪಕ್ಕ ಕುಳಿತು ‘ಕೆಮ್ಮಿದರೆ, ಸೀನಿದರೆ ಹಿಡಿತ ತಪ್ಪುತ್ತದೆಯೇನಮ್ಮ? ಹಾಗಿದ್ದರೆ ಹೇಳು, ಡಾಕ್ಟರ ಹತ್ತಿರ ಹೋಗೋಣ’ ಎಂದು ಕೇಳಲಿ. ಮನೆಯಲ್ಲಿ ಒಬ್ಬರಾದರೂ ಹೀಗೆ ಕೇಳುವವರಿದ್ದರೆ ಅವಳು ವರ್ಷಗಟ್ಟಲೆ ನುಂಗಿಕೊಳ್ಳಬೇಕಾಗಿ ಬರುವುದಿಲ್ಲ.