ಕರೆಂಟ್ ಬ್ರಷ್ ಗುಂಯ್ ಅನ್ನದಿದ್ದರೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮಲ್ಲೇಶ್ವರದ ಓದುಗರೊಬ್ಬರದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅವರ ಅತ್ತೆಗೆ 78 ವರ್ಷ. ಬೆರಳ ಗಂಟುಗಳಲ್ಲಿ ನೋವು, ಮಾಮೂಲಿ ಬ್ರಷ್ ಬಿಗಿಯಾಗಿ ಹಿಡಿದು ಉಜ್ಜೋಕೆ ಆಗಲ್ಲ. ಮಗ ಅಮೆರಿಕದಿಂದ ತಂದುಕೊಟ್ಟ ಎಲೆಕ್ಟ್ರಿಕ್ ಬ್ರಷ್ ಒಂದು ವಾರದಿಂದ ಅಲ್ಲಾಡ್ತಾ ಇಲ್ಲ. ಬಿಸಾಕಬೇಕಾ, ರಿಪೇರಿ ಆಗತ್ತಾ ಅಂತ ಕೇಳಿದ್ದಾರೆ. ಅತ್ತೆಯವರು ಬಸವನಗುಡಿ ಪರಿಷೆಯ ಕಡಲೆಕಾಯಿಯನ್ನು ಈಗಲೂ ಸ್ವಂತ ಹಲ್ಲಲ್ಲೇ ತಿನ್ನುತ್ತಾರಂತೆ. ಹಾಗಾಗಿ ಇದು ಶೋಕಿಯ ಸಾಮಾನಿನ ಪ್ರಶ್ನೆ ಅಲ್ಲ.

ರಿಪೇರಿಗೆ ಮುಂಚೆ ಒಂದು ಮಾತು. ಯಂತ್ರ ನಿಂತಿತು ಅಂತ ಉಜ್ಜೋದು ನಿಲ್ಲಬಾರದು. ಆ ಬ್ರಷ್ಷಿನ ಹಿಡಿ ದಪ್ಪ ಇರೋದರಿಂದ ಚಾರ್ಜ್ ಇಲ್ಲದಿದ್ದರೂ ನೋವಿನ ಕೈಗೆ ಅದೇ ಹಿತ. ಸರಿಹೋಗೋವರೆಗೆ ಅದರಲ್ಲೇ ಕೈಯಿಂದ ನಿಧಾನವಾಗಿ ಉಜ್ಜಲಿ. ಇಲ್ಲವೇ ಮಾಮೂಲಿ ಮೃದು ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಡಿ.

ಈಗ ವಿಷಯಕ್ಕೆ. "ಅಮೆರಿಕದಿಂದ" ಅನ್ನೋದೇ ಮೊದಲ ಸುಳಿವು. ಅಲ್ಲಿ ಮನೆಯ ಕರೆಂಟು 120 ವೋಲ್ಟ್, ನಮ್ಮದು 230. ಬ್ರಷ್ ನಿಲ್ಲಿಸುವ ಸ್ಟ್ಯಾಂಡನ್ನು ತಲೆಕೆಳಗೆ ಮಾಡಿ ಓದಿ. ಸಣ್ಣ ಅಕ್ಷರ, ಭೂತಗನ್ನಡಿ ಬೇಕಾಗಬಹುದು. 100-240 ಅಂತಿದ್ದರೆ ಭಯವಿಲ್ಲ. 120ರ ಆಸುಪಾಸು ಮಾತ್ರ ಬರೆದಿದ್ದರೆ ನಮ್ಮ ಸಾಕೆಟ್‌ಗೆ ಅದನ್ನು ನೇರವಾಗಿ ಹಾಕಲೇಬಾರದು. ಅಂಗಡಿಯಲ್ಲಿ ಸಿಗುವ ಪಿನ್ ಬದಲಿಸುವ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ಎಷ್ಟೋ ಜನ ಮೋಸ ಹೋಗೋದು ಇಲ್ಲೇ.

ಹಾಗೆ ಹಾಕಿದ್ದರೂ ಸಮಾಧಾನದ ಸುದ್ದಿ ಇದೆ. ಸ್ಟ್ಯಾಂಡಿನೊಳಗೆ ಒಂದು ತಂತಿ ಸುರುಳಿ, ಬ್ರಷ್ಷಿನ ಬುಡದಲ್ಲಿ ಇನ್ನೊಂದು. ನಡುವೆ ತಂತಿಯ ಸಂಪರ್ಕವೇ ಇಲ್ಲ, ಕಾಂತಕ್ಷೇತ್ರದ ಮೂಲಕ ಶಕ್ತಿ ದಾಟುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸುಡೋದು ಸ್ಟ್ಯಾಂಡ್ ಮಾತ್ರ, ಬ್ರಷ್ ಉಳಿದುಕೊಳ್ಳುತ್ತದೆ. ಅದೇ ಮಾದರಿಗೆ ಹೊಂದುವ 230 ವೋಲ್ಟಿನ ಸ್ಟ್ಯಾಂಡ್ ಸಿಕ್ಕರೆ ಕೆಲಸ ಮುಗಿಯಿತು. ಸ್ಟ್ಯಾಂಡ್ ಇನ್ನೂ ಸುಟ್ಟಿಲ್ಲ ಅಂದ್ರೆ ಎಸ್.ಪಿ. ರಸ್ತೆಯಲ್ಲಿ ಸಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೇಳಿ. ಈ ಚಾರ್ಜರ್ ಎಳೆಯೋದು ಕೆಲವೇ ವ್ಯಾಟ್, ದೊಡ್ಡದು ಬೇಕಿಲ್ಲ.

ವೋಲ್ಟೇಜ್ ಸರಿ ಇದ್ದರೆ ಮನೆಯ ಅಭ್ಯಾಸ ನೋಡಿ. ನಮ್ಮ ಸಾಕೆಟ್‌ಗಳಿಗೆಲ್ಲ ಸ್ವಿಚ್ ಇದೆ, ರಾತ್ರಿ "ಕರೆಂಟು ದಂಡ" ಅಂತ ಅದನ್ನು ಆರಿಸುವ ಹಿರಿಯರೂ ಪ್ರತಿ ಮನೆಯಲ್ಲಿ ಇದ್ದಾರೆ. ಬಚ್ಚಲಲ್ಲಿ ಗೀಸರ್ ಸಾಕೆಟ್ ಬಿಟ್ಟರೆ ಬೇರೆ ಇಲ್ಲದ ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಸ್ಟ್ಯಾಂಡ್ ಹಾಲ್‌ನಲ್ಲಿ ಎಲ್ಲೋ ಇರುತ್ತದೆ, ಆರಿಸಿದ್ದು ಯಾರಿಗೂ ಗೊತ್ತೇ ಆಗಲ್ಲ. ಈ ಬ್ರಷ್‌ಗಳು ಮೊಬೈಲಿನಂತೆ ಬೇಗ ತುಂಬುವುದಿಲ್ಲ. ಹಲವು ಮಾದರಿಗಳಿಗೆ ಪೂರ್ತಿ ಒಂದು ರಾತ್ರಿ, ಕೆಲವಕ್ಕೆ 24 ಗಂಟೆ ಬೇಕು. ತಿಂಗಳುಗಟ್ಟಲೆ ಬಳಸದೆ ಇಟ್ಟಿದ್ದರೆ ದೀಪ ಹತ್ತೋಕೇ ಸ್ವಲ್ಪ ಹೊತ್ತಾಗಬಹುದು. ಸ್ಟೀಲ್ ತಟ್ಟೆಯ ಮೇಲಿಟ್ಟು ಚಾರ್ಜ್ ಮಾಡಬೇಡಿ.

ಓಡುತ್ತದೆ ಆದರೆ ಶಕ್ತಿ ಇಲ್ಲ ಅನ್ನುವವರು ಮೇಲಿನ ಬ್ರಷ್ ತಲೆಯನ್ನು ಕಿತ್ತು ಬರೀ ಹಿಡಿಯನ್ನು ಆನ್ ಮಾಡಿ ನೋಡಿ. ಚೆನ್ನಾಗಿ ಗುಂಯ್ ಅಂದರೆ ತಪ್ಪು ತಲೆಯದ್ದು. ಅದನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಳಗೆ ಪೇಸ್ಟ್ ಒಣಗಿ ಗಟ್ಟಿಯಾಗಿರುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಬಿಳಿ ಉಪ್ಪು ಬೇರೆ. ಬೆಚ್ಚಗಿನ ನೀರಲ್ಲಿ ತೊಳೆದು, ಲೋಹದ ಕಡ್ಡಿಯನ್ನು ವಿನೆಗರ್ ತೇವದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಸಾಕು.

ದೋಷವೇ ಅಲ್ಲದ ದೂರುಗಳೂ ಬರ್ತವೆ. ಎರಡು ನಿಮಿಷಕ್ಕೆ ತಾನೇ ನಿಲ್ಲೋದು, ಅರ್ಧ ನಿಮಿಷಕ್ಕೊಮ್ಮೆ ತಡವರಿಸೋದು ಎಷ್ಟೋ ಬ್ರಷ್‌ಗಳ ಗುಣ: ಬಾಯಿಯ ಇನ್ನೊಂದು ಮೂಲೆಗೆ ಹೋಗಿ ಅನ್ನೋ ಸೂಚನೆ. ಕೆಲವು ಒತ್ತಿ ಉಜ್ಜಿದರೆ ನಿಧಾನ ಆಗ್ತವೆ. ಅದು ವಸಡಿನ ಮೇಲಿನ ಕರುಣೆ, ಮೋಟಾರಿನ ಕಾಯಿಲೆ ಅಲ್ಲ.

ಇಷ್ಟೆಲ್ಲ ನೋಡಿಯೂ, ರಾತ್ರಿಯಿಡೀ ಚಾರ್ಜ್ ಆಗಿ ಬೆಳಿಗ್ಗೆ ಒಂದೇ ನಿಮಿಷಕ್ಕೆ ಸತ್ತರೆ ಒಳಗಿನ ಬ್ಯಾಟರಿ ಮುದಿಯಾಗಿದೆ. ಬೆಸುಗೆ ಹಾಕಿ ಬದಲಿಸಿ ಕೊಡುವವರು ಸಿಗಬಹುದು. ನನ್ನ ಅಭಿಪ್ರಾಯದಲ್ಲಿ, ನೀರಲ್ಲಿ ಬಳಸುವ ವಸ್ತುವಿಗೆ ಅದು ಬೇಡ. ಒಮ್ಮೆ ಒಡೆದ ಮೇಲೆ ಮೊದಲಿನಂತೆ ನೀರು ಹೋಗದ ಹಾಗೆ ಮುಚ್ಚೋದು ಕಷ್ಟ. ಹೊಸದು ಕೊಳ್ಳುವಾಗ ಇಲ್ಲೇ ಕೊಳ್ಳಿ, ಅದರ ತಲೆಗಳು ಇಲ್ಲಿ ಸಿಗ್ತವಾ ಅಂತ ಮೊದಲೇ ವಿಚಾರಿಸಿ. ಹಳೆಯದನ್ನು ಒಣ ಕಸದ ಚೀಲಕ್ಕೆ ಹಾಕಬೇಡಿ. ಕಸದ ಲಾರಿಯಲ್ಲಿ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.